ಬಾಯ್ಲರ್ ವಿಚಾರಣೆಗೆ ಬರೆದ ಇಂಗ್ಲಿಷ್ ಹೇಳಿಕೆ

ಬಾಯ್ಲರಿನ ಸೀಸದ ಪ್ಲಗ್ ಕರಗಿದ್ದು ಆಯುಧಪೂಜೆಯಾದ ಎರಡನೆಯ ದಿನ, ಮಧ್ಯಾಹ್ನ ಊಟದ ಹೊತ್ತಿನಲ್ಲಿ. ನಾನು ಆಫೀಸಿನಲ್ಲಿ ಟೈಪ್‌ರೈಟರಿನ ಮುಂದೆ ಕುಳಿತಿದ್ದೆ. ಮೊದಲು ಕೇಳಿದ್ದು ಹಬೆಯ ಸದ್ದು, ಆಮೇಲೆ ಮನುಷ್ಯನ ಕೂಗು. ಎರಡರ ನಡುವೆ ಎಷ್ಟು ಹೊತ್ತಿತ್ತು ಎಂದು ಆಮೇಲೆ ನನ್ನನ್ನು ಕೇಳಿದರು. ಒಂದು ಉಸಿರಿನಷ್ಟು ಎಂದೆ. ಅದಕ್ಕಿಂತ ಖಚಿತವಾಗಿ ಇವತ್ತಿಗೂ ಹೇಳಲಾರೆ.

ದಾವಣಗೆರೆಯ ಆ ಗಿರಣಿಯಲ್ಲಿ ದಸರೆ ಕಳೆದ ಮೇಲೆ ಶೇಂಗಾದಿಂದ ಎಣ್ಣೆ ತೆಗೆಯುತ್ತಿದ್ದರು, ಬೇಸಿಗೆಯಲ್ಲಿ ಹತ್ತಿಯ ಬೀಜ ಬಿಡಿಸುತ್ತಿದ್ದರು. ಎರಡಕ್ಕೂ ಒಂದೇ ಉಗಿ ಇಂಜಿನ್, ಅದಕ್ಕೊಂದೇ ಬಾಯ್ಲರ್. ಉರಿಗೆ ಶೇಂಗಾದ ಹೊಟ್ಟು. ಬಾಯ್ಲರಿನ ಮುಂಭಾಗದಲ್ಲಿ ಒಂದು ಗಾಜಿನ ನಳಿಗೆ ಇರುತ್ತದೆ. ಒಳಗೆ ನೀರು ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ನೀರು ತೀರ ಇಳಿದರೆ ಒಲೆಯ ನೆತ್ತಿ ಕಾದು, ಅಲ್ಲಿ ಕೂರಿಸಿದ ಸೀಸದ ಪ್ಲಗ್ ಕರಗಿ, ಹಬೆ ಒಲೆಯೊಳಕ್ಕೆ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಬಾಯ್ಲರ್ ಸಿಡಿಯದಿರಲೆಂದು ಮಾಡಿದ ಏರ್ಪಾಡು ಅದು. ಅವತ್ತು ಅದು ತನ್ನ ಕೆಲಸ ಮಾಡಿತು. ಆದರೆ ಆಗಷ್ಟೇ ಒಲೆಯಾಳು ಹೊಟ್ಟು ಹಾಕಲು ಬಾಗಿಲು ತೆಗೆದಿದ್ದ. ಹಬೆ, ಕೆಂಡ, ಬೂದಿ ಮೂರೂ ಅವನ ಮುಖಕ್ಕೂ ಎರಡು ತೋಳಿಗೂ ಬಡಿದವು.

ಅವನು ಮಲೆಬೆನ್ನೂರಿನ ಹತ್ತಿರದ ಹಳ್ಳಿಯವನು, ಮೂವತ್ತರ ಆಸುಪಾಸು. ಗಿರಣಿ ಸೇರಿ ಎಂಟು ದಿನವಾಗಿತ್ತು. ಮೊದಲು ಚೀಲ ಹೊತ್ತ. ಬಾಯ್ಲರ್ ಹೊತ್ತಿಸಿದ್ದೇ ಪೂಜೆಯ ಮರುದಿನವಾದ್ದರಿಂದ ಒಲೆಯ ಮುಂದೆ ಅದು ಅವನ ಎರಡನೆಯ ದಿನ.

ಸರ್ಕಾರದ ಬಾಯ್ಲರ್ ಇನ್‌ಸ್ಪೆಕ್ಟರು ಬಂದು ಹರಿಹರದ ಟ್ರಾವೆಲರ್ಸ್ ಬಂಗಲೆಯಲ್ಲಿ ಇಳಿದುಕೊಂಡರು. ರಾಜ್ಯಗಳು ಒಂದಾದ ಮೇಲೆ ಮದರಾಸು ಕಡೆಯಿಂದ ನಮ್ಮ ಕಡೆಗೆ ಬಂದ ಅಧಿಕಾರಿ. ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ಬರೆದುಕೊಡುವ ಒಬ್ಬರು ಬೇಕು ಎಂದರು. ಗಿರಣಿಯ ಇಂಗ್ಲಿಷ್ ಪತ್ರಗಳನ್ನು ಬರೆಯುತ್ತಿದ್ದವನು ನಾನು. ಮ್ಯಾನೇಜರು ನನ್ನತ್ತ ಬೆರಳು ಮಾಡಿದರು.

ಮೊದಲು ಕರೆದದ್ದು ಬಾಯ್ಲರ್ ಮೇಸ್ತ್ರಿಯನ್ನು. ಹರಿಹರದ ಸಾಬರು, ಪ್ರಮಾಣಪತ್ರ ಪಡೆದವರು, ಇಪ್ಪತ್ತೆರಡು ವರ್ಷದಿಂದ ಅದೇ ಬಾಯ್ಲರ್. ಮೈಮೇಲಿನ ಅಂಗಿಗೆ ಎಣ್ಣೆಯ ಕಲೆ, ಆದರೆ ತಲೆಗೆ ತೊಳೆದ ಟೋಪಿ ಹಾಕಿಕೊಂಡು ಬಂದಿದ್ದರು.

"ಊಟಕ್ಕೆ ಹೋಗೋ ಮುಂಚೆ ನೀರು ನೋಡಿದ್ರಾ ಮೇಸ್ತ್ರಿ?" ಎಂದೆ.

"ನೋಡ್ದೆ ಹೋಗ್ತೀನೇನ್ರಿ ರೈಟರ್ರೆ? ದಾರದ ಮ್ಯಾಗೆ ಎರಡು ಬೆರಳು ಇತ್ತು."

ಈ ದಾರದ ವಿಷಯ ಇನ್‌ಸ್ಪೆಕ್ಟರಿಗೆ ಬಿಡಿಸಿ ಹೇಳಬೇಕಾಯಿತು. ನೀರು ಇದಕ್ಕಿಂತ ಕೆಳಗೆ ಹೋಗಬಾರದು ಎಂದು ತೋರಿಸಲು ಗಾಜಿನ ಪಕ್ಕದಲ್ಲಿ ಹಿತ್ತಾಳೆಯ ಮುಳ್ಳು ಇರಬೇಕು. ನಮ್ಮದು ಎಂದೋ ಮುರಿದು ಬಿದ್ದಿತ್ತು. ಜೊತೆಗೆ, ಹಳೆಯ ರಿಪೇರಿಯೊಂದರಲ್ಲಿ ಗಾಜನ್ನು ಇರಬೇಕಾದ ಜಾಗಕ್ಕಿಂತ ಕೆಳಗೆ ಕೂರಿಸಿದ್ದರು. ಗಾಜಿನ ಅರ್ಧಕ್ಕೆ ನೀರು ಕಂಡರೂ ಒಳಗೆ ಅದು ಸಾಲದು. ಇದನ್ನು ಬಲ್ಲ ಮೇಸ್ತ್ರಿ ಗಾಜಿನ ಮೇಲ್ಭಾಗದಲ್ಲಿ, ಸರಿಯಾದ ಮಟ್ಟಕ್ಕೆ, ಒಂದು ದಾರ ಕಟ್ಟಿಕೊಂಡಿದ್ದರು. ಎಣ್ಣೆ ಮಸಿ ಹತ್ತಿ ಅದು ಕಪ್ಪಾಗಿತ್ತು.

"ಒಲೆಯಾಳಿಗೆ ಏನು ಹೇಳಿ ಹೋದ್ರಿ?"

"ದಾರ ನೋಡ್ಕೋ, ನೀರು ದಾರಕ್ಕೆ ಬಂತು ಅಂದ್ರೆ ಪಂಪು ಬಿಡು ಅಂದೆ."

"ಕೈಮಾಡಿ ತೋರಿಸಿದ್ರಾ?"

"ತೋರ್ಸೋದೇನ್ರಿ ಅದ್ರಾಗೆ? ಕಣ್ಣಿಲ್ಲೇನು ಅವ್ನಿಗೆ?"

"ಮತ್ತೆ ನೀರು ಹೆಂಗೆ ಇಳೀತು?"

"ತೂಕಡಿಸಿರಬೇಕು. ಇಲ್ಲಾಂದ್ರೆ ಹೆಂಗೆ ಇಳೀತೈತೆ, ನೀವೇ ಹೇಳ್ರಿ."

ನಾನು 'ಹೀ ಮಸ್ಟ್ ಹ್ಯಾವ್ ಡೋಜ್ಡ್' ಎಂದು ಬರೆದೆ. ಇನ್‌ಸ್ಪೆಕ್ಟರು ನನ್ನ ಕಾಗದದ ಮೇಲೆ ತಮ್ಮ ಪೆನ್ಸಿಲನ್ನು ಅಡ್ಡ ಇಟ್ಟರು.

ಹೈಸ್ಕೂಲಿನಲ್ಲಿ ನಾನು ಈ ರೂಪಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ. ಮಸ್ಟ್ ಹ್ಯಾವ್, ಮೇ ಹ್ಯಾವ್, ಕುಡ್ ಹ್ಯಾವ್, ಶುಡ್ ಹ್ಯಾವ್. ವ್ಯಾಪಾರದ ಪತ್ರಗಳಲ್ಲಿ ಅವುಗಳ ಅಗತ್ಯ ಹೆಚ್ಚು ಬಿದ್ದಿರಲಿಲ್ಲ. ಒಬ್ಬ ಮನುಷ್ಯನ ಅನ್ನ ಅವುಗಳ ಮೇಲೆ ನಿಲ್ಲಬಹುದೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಇನ್‌ಸ್ಪೆಕ್ಟರು ನಿಧಾನವಾಗಿ ಹೇಳಿದರು: ಮಸ್ಟ್ ಹ್ಯಾವ್ ಎಂದು ಬರೆದರೆ ಬೇರೆ ಯಾವ ದಾರಿಯೂ ಇಲ್ಲ, ಹೀಗೇ ಆಗಿದೆ ಎಂದು ನಿರ್ಧರಿಸಿದಂತೆ. ಅದಕ್ಕೆ ಕಾರಣ ಬೇಕು. ಮೇ ಹ್ಯಾವ್ ಎಂದರೆ ಆಗಿದ್ದರೂ ಆಗಿರಬಹುದು, ನಮಗೆ ಗೊತ್ತಿಲ್ಲ. ಕುಡ್ ಹ್ಯಾವ್ ಎಂದರೆ ಆಗುವುದಕ್ಕೆ ಅಡ್ಡಿಯಿರಲಿಲ್ಲ ಎಂದಷ್ಟೇ, ಆಯಿತೆಂದಲ್ಲ. ಶುಡ್ ಹ್ಯಾವ್ ಎಂಬುದನ್ನು ನೀನು ಬರೆಯಬೇಡ, ಯಾರು ಏನು ಮಾಡಬೇಕಿತ್ತು ಎಂದು ಬರೆಯುವುದು ನನ್ನ ಕೆಲಸ.

ಮೇಸ್ತ್ರಿ ನಮ್ಮಿಬ್ಬರ ಮುಖ ನೋಡುತ್ತಿದ್ದರು. "ಏನಂತಾರೆ ಸಾಹೇಬ್ರು? ನನ್ನ ಮಾತು ಒಪ್ಪಲ್ವಂತಾ?"

"ಅವನು ತೂಕಡಿಸಿದ್ದನ್ನ ನೀವು ಕಣ್ಣಾರೆ ನೋಡಿದ್ರಾ ಅಂತ ಕೇಳ್ತಾರೆ."

"ನೋಡಿದ್ರೆ ಎರಡು ಬಿಟ್ಟು ಎಬ್ಬಿಸ್ತಿದ್ದಿಲ್ವೇನ್ರಿ!"

ಇನ್‌ಸ್ಪೆಕ್ಟರಿಗೆ ಅದು ಅನುವಾದವಿಲ್ಲದೆ ತಿಳಿಯಿತು. ನಕ್ಕರು. ನಾನು ಮಸ್ಟ್ ಹೊಡೆದುಹಾಕಿ ಮೇ ಎಂದು ತಿದ್ದಿದೆ.

ಮರುದಿನ ಆಸ್ಪತ್ರೆಗೆ ಹೋದೆವು. ಮ್ಯಾನೇಜರೂ ಬಂದರು. ಒಲೆಯಾಳಿನ ಎರಡು ಕೈಗಳಿಗೂ ಮೊಣಕೈಯ ಮೇಲಿನವರೆಗೆ ಬ್ಯಾಂಡೇಜು, ಮುಖಕ್ಕೆ ನೇರಳೆ ಬಣ್ಣದ ಔಷಧಿ. ಹೆಂಡತಿ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಳು. ಅವನ ತಲೆಯ ಮೇಲೆ ಏನು ತೂಗುತ್ತಿತ್ತು ಎಂದು ನಮಗೆಲ್ಲ ಗೊತ್ತಿತ್ತು. ನಿದ್ದೆ ಮಾಡಿ ಬಾಯ್ಲರ್ ಕೆಡಿಸಿದವನು, ಮೇಲೆ ಸುಳ್ಳು ಬೇರೆ ಹೇಳಿದವನು ಎಂದು ವರದಿಯಾದರೆ ಗಿರಣಿಯಿಂದ ಪರಿಹಾರವಿಲ್ಲ, ಈ ಊರಿನ ಬೇರೆ ಯಾವ ಗಿರಣಿಯೂ ಅವನನ್ನು ಬಾಗಿಲೊಳಕ್ಕೆ ಬಿಡುವುದಿಲ್ಲ.

"ನೀರು ನೋಡಿದ್ಯಾ?" ಎಂದು ಕೇಳಿದೆ.

"ನೋಡಿದ್ನಿರೀ. ನೀರು ದಾರದ ಮ್ಯಾಗೇ ಇತ್ತು."

"ದಾರದ ಮ್ಯಾಲಿದ್ರೆ ಪ್ಲಗ್ ಕರಗುತ್ತೇನಲೇ?" ಎಂದರು ಮ್ಯಾನೇಜರು. "ಸುಳ್ಳು ಹೇಳಬ್ಯಾಡ."

ಹೆಂಡತಿ ಕುಳಿತಲ್ಲಿಂದಲೇ ಹೇಳಿದಳು: "ಮಾತಾಡಿದ್ರೆ ತುಟಿ ಬಿರೀತೈತ್ರಿ ಆತಂಗೆ. ಸುಳ್ಳು ಹೇಳಾಕೆ ಯಾರಾದ್ರೂ ಅಷ್ಟು ನೋವು ತಿಂತಾರಾ?"

ಅವನು ನನ್ನ ಕಡೆ ತಿರುಗಿದ. "ಬಾಗಿಲು ತೆಗೆಯೋ ಮುಂಚೆನೂ ನೋಡಿದ್ನಿರೀ. ಹೊಸ ದಾರ. ಕೆಂಪಗೆ ಹೊಳೀತಿತ್ತು. ಅದರ ಮ್ಯಾಗೆ ಒಂದು ಬೆರಳು ನೀರಿತ್ತು."

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಬಾಗಿಲು ತೆಗೆಯುವ ಮುಂಚೆಯೂ ನೋಡಿದ, ನೀರು ದಾರದ ಮೇಲೆ ಒಂದು ಬೆರಳಿತ್ತು.

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು. ಅವನು ಮಾತಾಡಿದ ಹೊತ್ತು ಹೆಚ್ಚು, ನನ್ನ ಇಂಗ್ಲಿಷ್ ಚಿಕ್ಕದು. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಸರ್ ಎಂದೆ.

ಮೇಸ್ತ್ರಿಯ ದಾರ ಹೊಸದಲ್ಲ, ಕೆಂಪೂ ಅಲ್ಲ. ಆ ಕೆಂಪು ದಾರ ಯಾರದೆಂದು ನನಗೆ ಗೊತ್ತಿತ್ತು.

ಆಯುಧಪೂಜೆಯ ದಿನ ಪುರೋಹಿತರು ಇಂಜಿನ್ ಮನೆಯಲ್ಲಿ ಮಂತ್ರ ಹೇಳುವಾಗ, ಯಂತ್ರ ಯಂತ್ರಕ್ಕೂ ಹೋಗಿ ಕುಂಕುಮ ಹಚ್ಚಿ, ಹೂ ಏರಿಸಿ, ಕೆಂಪು ಹಳದಿ ಹುರಿಯ ದಾರ ಕಟ್ಟಿ ಬರುವುದು ಆಫೀಸಿನವರ ಪಾಲಿನ ಕೆಲಸ. ಆ ವರ್ಷ ತಟ್ಟೆ ಹಿಡಿದವನು ನಾನು. ಬಾಯ್ಲರ್ ತಣ್ಣಗಿತ್ತು. ಗಾಜಿನ ಮೇಲ್ತುದಿಯ ಹಿತ್ತಾಳೆ ನಲ್ಲಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿದೆ, ಅದು ಗಾಜಿನ ಮೇಲರ್ಧವನ್ನು ಮುಚ್ಚಿಕೊಂಡು ಇಳಿಬಿದ್ದಿತು. ದಾರ ಎಲ್ಲಿ ಕಟ್ಟಲಿ ಎಂದು ಯೋಚಿಸಲಿಲ್ಲ. ಎದುರಿಗೆ ಕಂಡ ಗಾಜಿಗೆ ಕಟ್ಟಿದೆ. ಹೂ ತಾನಾಗಿ ಒಣಗಿ ಉದುರುವ ತನಕ ಹಾರವನ್ನಾಗಲಿ ದಾರವನ್ನಾಗಲಿ ಯಾರೂ ತೆಗೆಯುವ ಪದ್ಧತಿಯಿರಲಿಲ್ಲ.

ಗಿರಣಿಗೆ ವಾಪಸಾಗಿ ನೋಡಿದರೆ ಬಾಯ್ಲರಿನ ಮುಂಭಾಗವನ್ನು ಸೋಡಾ ಹಾಕಿ ತೊಳೆದಿದ್ದರು. ಹಾರ ಇರಲಿಲ್ಲ. ಅಪಘಾತದಲ್ಲಿ ಗಾಜೂ ಸಿಡಿದಿತ್ತು, ಅದರ ಜಾಗದಲ್ಲಿ ಹೊಸ ಗಾಜು. ಸಾಹೇಬರು ಬರುತ್ತಾರೆಂದು ಚೊಕ್ಕ ಮಾಡಿಸಿದ್ದಾಗಿ ಮ್ಯಾನೇಜರು ಹೇಳಿದರು. ಅವರಿಗೆ ದಾರದ ಸಂಗತಿ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಗೊತ್ತಿರಲಿಲ್ಲವೆಂದೂ ಹೇಳಲಾರೆ. ಎರಡು ದಾರಗಳಿದ್ದವು ಎಂದು ತೋರಿಸಲು ಈಗ ನನ್ನ ತಲೆಯೊಳಗಲ್ಲದೆ ಬೇರೆಲ್ಲೂ ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಮ್ಯಾನೇಜರು ಗಿರಣಿಯ ಪರವಾಗಿ ಪತ್ರ ಹೇಳಿ ಬರೆಸಿದರು. ಒಲೆಯಾಳು ನಿದ್ದೆ ಹೋಗಿರಬೇಕು ಎಂಬಲ್ಲಿ ನಾನು ಮೇ ಎಂದು ಟೈಪ್ ಮಾಡಿದೆ. ಅವರು ಹಿಂದೆ ನಿಂತು ನೋಡುತ್ತಿದ್ದರು.

"ಮಸ್ಟ್ ಅಂತ ಹಾಕಪ್ಪಾ."

"ಕಾರಣ ಕೇಳ್ತಾರೆ ಸರ್, ಇನ್‌ಸ್ಪೆಕ್ಟರು."

"ಕಾರಣ ಆಸ್ಪತ್ರೇಲಿ ಮಲಗಿಲ್ವಾ? ಹಾಕು."

ಹಾಕಿದೆ.

ಇನ್‌ಸ್ಪೆಕ್ಟರು ಮರುದಿನ ಬೆಳಿಗ್ಗೆ ಹರಿಹರದಿಂದಲೇ ರೈಲು ಹತ್ತುವವರಿದ್ದರು. ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿ ಒಂದು ಹಾಳೆ ತೆಗೆದುಕೊಂಡು ನನ್ನದೇ ಹೇಳಿಕೆ ಬರೆಯಲು ಕುಳಿತೆ. ಮೊದಲು ಬರೆದದ್ದು: 'ಎ ಸೆಕೆಂಡ್ ಥ್ರೆಡ್ ಮೇ ಹ್ಯಾವ್ ಬೀನ್ ಟೈಡ್.' ಎರಡನೆಯ ದಾರವೊಂದು ಕಟ್ಟಲ್ಪಟ್ಟಿರಬಹುದು. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಆ ವಾಕ್ಯದಲ್ಲಿ ದಾರವಿದೆ, ಗಾಜಿದೆ, ಕಟ್ಟಿದವನೇ ಇಲ್ಲ. ಹರಿದು ಹಾಕಿದೆ. ಆಮೇಲೆ 'ಐ ಕುಡ್ ಹ್ಯಾವ್ ಟೈಡ್ ಇಟ್' ಎಂದು ಬರೆದೆ. ಅಡ್ಡಿಯೇನೂ ಇರಲಿಲ್ಲ, ಕಟ್ಟಿರಲೂ ಸಾಕು. ನನಗೇ ಅನುಮಾನವಿದೆ ಎಂದು ತೋರಿಸಿಕೊಳ್ಳುವ ವಾಕ್ಯ ಅದು. ಅನುಮಾನವಿರಲಿಲ್ಲ. ಅದನ್ನೂ ಹರಿದೆ. ಹಿಂದಿನ ದಿನ ಕಲಿತ ಪದಗಳನ್ನೆಲ್ಲ ನಾನು ಬಚ್ಚಿಟ್ಟುಕೊಳ್ಳಲು ಬಳಸುತ್ತಿದ್ದೇನೆಂದು ಎರಡನೆಯ ಹಾಳೆ ಹರಿಯುವಾಗ ತಿಳಿಯಿತು.

ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಬೇರೆ ಮಾಡಲು ಯತ್ನಿಸಿದೆ. ದಾರ ಕಟ್ಟಿದ್ದು ಗಾಜಿಗೇ, ಹಿತ್ತಾಳೆಗಲ್ಲ: ನುಣುಪಿಗೆ ಗಂಟು ಎರಡು ಸಲ ಕೆಳಗೆ ಜಾರಿತ್ತು, ಆಮೇಲೆ ಮೂರು ಸುತ್ತು ಸುತ್ತಿ ಬಿಗಿದಿದ್ದೆ. ಅದು ಮೇಸ್ತ್ರಿಯ ದಾರಕ್ಕಿಂತ ಕೆಳಗಿತ್ತು, ಏಕೆಂದರೆ ಮೇಲೆ ಹಾರವಿತ್ತು. ಎಷ್ಟು ಕೆಳಗೆ, ಗೊತ್ತಿಲ್ಲ. ನಾನು ಹೋದ ಮೇಲೆ ಮತ್ತೆ ಜಾರಿರಬಹುದು. ಒಲೆಯಾಳು ಅದನ್ನೇ ಗುರುತೆಂದು ತಿಳಿದಿರಬಹುದು. ಮೇ ಹ್ಯಾವ್ ಎಂಬುದನ್ನು ಈ ಕೊನೆಯ ಎರಡು ಕಡೆ ಮಾತ್ರ ಬಳಸಿದೆ. ಉಳಿದದ್ದನ್ನು 'ಐ ಟೈಡ್' ಎಂದೇ ಶುರು ಮಾಡಿದೆ. ಆಸ್ಪತ್ರೆಯಲ್ಲಿ 'ಹೊಸ ದಾರ, ಕೆಂಪಗೆ' ಎಂಬ ಮಾತುಗಳನ್ನು ಬಿಟ್ಟು ಅನುವಾದಿಸಿದೆ ಎಂದೂ ಬರೆದು ಸಹಿ ಹಾಕಿದೆ.

ಬೆಳಿಗ್ಗೆ ಮೊದಲ ರೈಲಿಗೆ ಹರಿಹರಕ್ಕೆ ಹೋದೆ. ಬಂಗಲೆಗೆ ಹೋಗುವ ಮೊದಲು ಮೇಸ್ತ್ರಿಯ ಮನೆಗೆ ಹೋದೆ. ಗಿರಣಿ ನಿಂತಿದ್ದರಿಂದ ಅವರು ಮನೆಯಲ್ಲೇ ಇದ್ದರು.

"ಬರ್ರಿ ರೈಟರ್ರೆ, ಕೂಡ್ರಿ. ಚಾ ಮಾಡಿಸ್ತೀನಿ."

"ಚಾ ಬ್ಯಾಡ ಮೇಸ್ತ್ರಿ, ಹೊತ್ತಿಲ್ಲ. ಒಂದು ಕೇಳಬೇಕು. ಅವತ್ತು ಗಾಜಿಗೆ ಎಷ್ಟು ದಾರ ಇದ್ವು?"

"ನಂದೊಂದು."

"ಪೂಜೆದು?"

"ಪೂಜೆದು ಇತ್ತಲ್ಲ, ಕೆಳಗೆ. ಅದನ್ನ ಯಾಕ ಲೆಕ್ಕ ಹಿಡೀತೀರಿ?"

"ಕೆಳಗೆ ಅಂದ್ರೆ ಎಷ್ಟು ಕೆಳಗೆ?"

ಅವರು ಕೈ ಮೇಲೆತ್ತಿ ಗಾಳಿಯಲ್ಲಿ ಗಾಜು ಹಿಡಿದಂತೆ ಮಾಡಿ, ಇನ್ನೊಂದು ಕೈಯ ಬೆರಳುಗಳನ್ನು ಇಟ್ಟು ನೋಡಿದರು. "ನಾಕು ಬೆರಳು. ಹಾಂ, ನಾಕು."

"ತೆಗೀಬೇಕು ಅನ್ನಿಸಲಿಲ್ವಾ?"

"ನಿಮ್ಮ ದೇವ್ರ ದಾರ ನಾ ಬಿಚ್ಚಿದ್ರೆ ನಾಳೆ ಏನಂತಾರೆ ಜನ? ಇಪ್ಪತ್ತೆರಡು ವರ್ಷದಾಗೆ ಪೂಜೆ ಸಾಮಾನು ನಾ ಮುಟ್ಟಿಲ್ಲ. ಅದು ಅದರ ಪಾಡಿಗೆ ಇರ್ತೈತೆ, ನಾ ಹತ್ರ ಹೋಗಿ ಹೂವಿನ ಸಂದಿನಾಗೆ ನನ್ನ ದಾರ ನೋಡ್ತೀನಿ."

"ಒಲೆಯಾಳು ಯಾವ ದಾರ ನೋಡಿದ್ದ ಮೇಸ್ತ್ರಿ?"

ಅವರ ಬೆರಳುಗಳು ಇನ್ನೂ ಗಾಳಿಯಲ್ಲೇ ಇದ್ದವು. ನಿಧಾನವಾಗಿ ಕೈ ಕೆಳಗಿಳಿಸಿದರು. "ಯಾ ಅಲ್ಲಾ" ಎಂದರು. ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು. ಬಂಗಲೆಯ ತನಕ ನನಗಿಂತ ಮುಂದೆ ನಡೆದರು.

ಇನ್‌ಸ್ಪೆಕ್ಟರು ಜಗಲಿಯ ಮೇಲೆ ಹಾಸಿಗೆಯ ಹೋಲ್ಡಾಲ್ ಕಟ್ಟಿಸುತ್ತಿದ್ದರು. ನನ್ನ ಹಾಳೆಯನ್ನು ನಿಂತೇ ಓದಿದರು. ಎರಡನೆಯ ಸಲ ಕುಳಿತು ಓದಿದರು.

"ಯೂ ಕುಡ್ ಹ್ಯಾವ್ ಟೋಲ್ಡ್ ಮೀ ಯೆಸ್ಟರ್‌ಡೇ" ಎಂದರು.

ನಿನ್ನೆಯೇ ಹೇಳಬಹುದಿತ್ತು. ಅಡ್ಡಿಯೇನೂ ಇರಲಿಲ್ಲ, ಹೇಳಲಿಲ್ಲ. ಅವರು ಕಲಿಸಿದ್ದರಲ್ಲಿ ಬಾಕಿ ಉಳಿದಿದ್ದ ಒಂದು ಅರ್ಥ ಆಗ ತಿಳಿಯಿತು. ಹೌದು ಸರ್ ಎಂದೆ. ಏಕೆ ಎಂದು ಕೇಳಿದರು. ಹೆದರಿದೆ ಎಂದೆ. ಅದನ್ನೂ ಹಾಳೆಯ ಕೆಳಗೆ ಬರೆಯಲು ಹೇಳಿದರು. ಬರೆದೆ.

ಮೇಸ್ತ್ರಿಯೂ ನಾಲ್ಕು ಬೆರಳಿನ ಮಾತು ಹೇಳಿದರು. ಆದರೆ ಇನ್‌ಸ್ಪೆಕ್ಟರು ಅಷ್ಟಕ್ಕೇ ಒಪ್ಪಲಿಲ್ಲ. ಪಶ್ಚಾತ್ತಾಪ ಪಟ್ಟವನು ಇಲ್ಲದ ತಪ್ಪನ್ನೂ ತನ್ನ ಮೇಲೆ ಹಾಕಿಕೊಳ್ಳಬಹುದು, ಮೇಸ್ತ್ರಿಗೆ ನೀನೇ ಹೇಳಿಕೊಟ್ಟಿರಬಹುದು, ಎಂದರು. ಇದೂ ಒಂದು ಸಾಧ್ಯತೆಯಷ್ಟೇ, ಆರೋಪವಲ್ಲ ಎಂದೂ ಸೇರಿಸಿದರು. ಆಮೇಲೆ ಹೋಲ್ಡಾಲ್ ಬಿಚ್ಚಲು ಆಳಿಗೆ ಹೇಳಿದರು. ಅವರ ರೈಲು ಅವರಿಲ್ಲದೆ ಹೋಯಿತು.

ದಾವಣಗೆರೆಗೆ ಮೂವರೂ ಬಸ್ಸಿನಲ್ಲಿ ಬಂದೆವು. ಇನ್‌ಸ್ಪೆಕ್ಟರು ಮಾರ್ಕೆಟ್ಟಿನಲ್ಲಿ ಚೆಂಡುಹೂವಿನ ಒಂದು ಹಾರವನ್ನು ತಾವೇ ಕೊಂಡರು. ಬಾಯ್ಲರಿನ ಮುಂದೆ, ಮ್ಯಾನೇಜರು ನೋಡುತ್ತಿದ್ದಂತೆ, ಮೇಸ್ತ್ರಿ ಒಂದು ದಾರಕ್ಕೆ ಎಣ್ಣೆ ಮಸಿ ಬಳಿದು ತಮ್ಮ ಮಟ್ಟಕ್ಕೆ ಕಟ್ಟಿದರು. ಇನ್‌ಸ್ಪೆಕ್ಟರು ನನಗೆ ಕೆಂಪು ದಾರ ಕೊಟ್ಟು, ಅವತ್ತು ಹೇಗೆ ಕಟ್ಟಿದ್ದಿಯೋ ಹಾಗೇ ಕಟ್ಟು, ಅಳತೆ ನೋಡಬೇಡ ಎಂದರು. ಹಾರ ಹಾಕಿದೆ. ದಾರ ಸುತ್ತಿದೆ. ಗಂಟು ಜಾರಿತು. ಮತ್ತೆ ಏರಿಸಿದೆ, ಮತ್ತೆ ಜಾರಿತು. ಮೂರು ಸುತ್ತು ಸುತ್ತಿ ಬಿಗಿದೆ. ಇನ್‌ಸ್ಪೆಕ್ಟರು ಜೇಬಿನಿಂದ ಅಳತೆಪಟ್ಟಿ ತೆಗೆದು ಎರಡು ದಾರಗಳ ನಡುವೆ ಹಿಡಿದರು. ನಾಲ್ಕು ಬೆರಳಿಗೆ ಸ್ವಲ್ಪ ಕಡಿಮೆ. ಪಂಪಿನಿಂದ ನೀರು ಬಿಡಿಸಿ, ಕೆಂಪು ದಾರದ ಮೇಲೆ ಒಂದು ಬೆರಳಿಗೆ ಬಂದಾಗ ನಿಲ್ಲಿಸಿದರು.

ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಹೊಟ್ಟಿನ ಸಲಿಕೆ ಹಿಡಿದು, ಒಲೆಯ ಬಾಗಿಲ ಮುಂದೆ ಒಲೆಯಾಳು ನಿಲ್ಲುವ ಜಾಗದಲ್ಲಿ ನಿಂತರು. ತಲೆಯೆತ್ತಿ ಗಾಜು ನೋಡಿದರು. ಒಂದು ಹೆಜ್ಜೆ ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಬಂದು ನೋಡಿದರು.

"ಒಂದೇ ದಾರ ಕಾಣ್ತದೆ" ಎಂದರು, ಕನ್ನಡದಲ್ಲಿ. "ನೀರು ಮೇಲೆ ಇದೆ."

ಮೇಸ್ತ್ರಿ ಹೊಟ್ಟಿನ ಚೀಲದ ಮೇಲೆ ಕುಳಿತರು. "ತೂಕಡಿಸಿರಬೇಕು ಅಂದ್ನಲ್ರಿ ನಾನು" ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ.

ವರದಿಯ ಆ ಭಾಗವನ್ನು ಇನ್‌ಸ್ಪೆಕ್ಟರು ನನಗೆ ಬರೆಯಲು ಕೊಡದೆ ತಾವೇ ಬರೆದರು. 'ಹೀ ಕುಡ್ ನಾಟ್ ಹ್ಯಾವ್ ಸೀನ್ ದಿ ಅಪ್ಪರ್ ಮಾರ್ಕ್.' ಮೇಲಿನ ಗುರುತನ್ನು ಅವನು ನೋಡಿರಲು ಸಾಧ್ಯವೇ ಇರಲಿಲ್ಲ. ಹಿತ್ತಾಳೆಯ ಮುಳ್ಳು ಇಲ್ಲದ್ದು, ಗಾಜು ತಗ್ಗಿನಲ್ಲಿದ್ದದ್ದು, ಮೇಸ್ತ್ರಿ ಜಾಗ ಬಿಟ್ಟು ಊಟಕ್ಕೆ ಹೋದದ್ದು, ಗಾಜಿಗೆ ದಾರ ಕಟ್ಟಿದ್ದು ಎಲ್ಲ ಬಂತು. ಶುಡ್ ಹ್ಯಾವ್ ಎಂಬುದು ಗಿರಣಿಗೊಂದು, ಮೇಸ್ತ್ರಿಗೊಂದು, ನನಗೊಂದು ಸಿಕ್ಕಿತು. ಒಲೆಯಾಳಿಗೆ ಒಂದೂ ಇರಲಿಲ್ಲ. ಮ್ಯಾನೇಜರು ತಮ್ಮ ಪತ್ರವನ್ನು ವಾಪಸು ತೆಗೆದುಕೊಂಡರು. ಮುಂದಿನ ವಾರ ನನ್ನನ್ನು ಇಂಗ್ಲಿಷ್ ಪತ್ರಗಳಿಂದ ಬಿಡಿಸಿ ಗೇಟಿನ ತೂಕದ ಕಟ್ಟೆಗೆ ಹಾಕಿದರು.

ಇನ್‌ಸ್ಪೆಕ್ಟರು ಊರು ಬಿಟ್ಟ ದಿನ ಸಂಜೆ ನಾನೊಬ್ಬನೇ ಆಸ್ಪತ್ರೆಗೆ ಹೋದೆ. ಒಲೆಯಾಳಿನ ಹೆಂಡತಿ ಅವನ ಮುಖಕ್ಕೆ ನೊಣ ಕೂರದಂತೆ ಬೀಸಣಿಗೆ ಬೀಸುತ್ತಿದ್ದಳು.

"ಏನಂತ ಬರದಾರ್ರಿ?" ಎಂದ.

ಹೇಳಿದೆ.

"ಸುಳ್ಳು ಅಂತ ಇಲ್ಲಲ್ಲ?"

"ಇಲ್ಲ."

"ಇಂಗ್ಲೀಷಿನಾಗೆ ಇದ್ರೆ ನಮ್ಮೂರಾಗೆ ಯಾರು ಓದ್ತಾರ್ರಿ?" ಎಂದಳು ಹೆಂಡತಿ. "ನಿದ್ದೆ ಮಾಡಿ ಸುಟ್ಕಂಡ ಅಂತ ಆಗ್ಲೇ ಸುದ್ದಿ ಹೋಗೈತೆ. ಕನ್ನಡದಾಗೆ ಒಂದು ಬರ್ದು ಕೊಡ್ರಿ."

ಮಂಚದ ಅಂಚಿನಲ್ಲಿ ಕುಳಿತು ಬರೆದೆ. ಇವನು ನಿದ್ದೆ ಮಾಡಲಿಲ್ಲ. ನೀರು ನೋಡಿದ. ನೀರು ಇವನಿಗೆ ಕಂಡ ದಾರದ ಮೇಲೇ ಇತ್ತು. ಸರಿಯಾದ ಗುರುತು ಹೂವಿನ ಹಿಂದೆ ಇತ್ತು, ಕಾಣುವಂತಿರಲಿಲ್ಲ. ಗಾಜಿಗೆ ಇನ್ನೊಂದು ದಾರ ಕಟ್ಟಿದ್ದರಿಂದ ಹೀಗಾಯಿತು. ಓದಿ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ಆ ದಾರ ಯಾರು ಕಟ್ಟಿದ್ದು ಅಂತ ಬರ್ದಿಲ್ಲಲ್ರಿ."

ಕಾಗದವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡೆ. ನನ್ನ ಹೆಸರು, ತಂದೆಯ ಹೆಸರು, ಕೇರಿ, ಗಿರಣಿಯಲ್ಲಿ ನನ್ನ ಕೆಲಸ, ಹೇಳಿಕೆಗಳಲ್ಲಿ ಬರೆಯುವ ಕ್ರಮದಲ್ಲೇ ಬರೆದು, ಅದರ ಮುಂದೆ 'ಕಟ್ಟಿದೆನು' ಎಂದು ಬರೆದೆ.

"ಮೊದ್ಲಿಂದ ಓದ್ರಿ" ಎಂದ.

ಓದಿದೆ. ನನ್ನ ಹೆಸರು ಬಂದಾಗ ಬೀಸಣಿಗೆ ನಿಂತಿತು. ನಾನೂ ನಿಲ್ಲಿಸಿದೆ.

ಅವನು ಕಣ್ಣು ತೆರೆಯಲಿಲ್ಲ. "ಮುಂದೆ ಓದ್ರಿ" ಎಂದ.